ಒಂದೇ ಗೊಂಚಲು, ಮೂರು ಬ್ಯಾಕ್ಟೀರಿಯಾ: ನೇರಳೆ, ಹಸಿರು, ಬಿಳಿ

ಕಾಸರಗೋಡಿನ ಒಂದು ಸ್ನಾತಕೋತ್ತರ ಪ್ರಯೋಗಾಲಯ. ನೇರಳೆ ಬಣ್ಣ ತಯಾರಿಸುವ ಐದು ಜೀನ್‌ಗಳ ಒಂದು ಕೃತಕ ಗೊಂಚಲನ್ನು ಮೂರು ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಕೆಲಸ ಮಾಡಿಸುವುದು ಪ್ರಾಜೆಕ್ಟ್. ಇ. ಕೋಲಿಯಲ್ಲಿ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಕಡು ನೇರಳೆಯಾಯಿತು. ಸ್ಯೂಡೊಮೊನಾಸ್ ಪುಟಿಡಾದಲ್ಲಿ ಹಸಿರಾಯಿತು. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಬಿಳಿಯಾಗಿಯೇ ಉಳಿಯಿತು. ಡಿಎನ್‌ಎ ಪುನಃ ಬರೆಸಲು, ಅಂದರೆ ಹೊಸದಾಗಿ ತಯಾರಿಸಿ ತರಿಸಲು, ಹಣ ಒಂದೇ ಒಂದು ಸಲಕ್ಕೆ ಉಳಿದಿದೆ. ಯಾವುದನ್ನು ಮೊದಲು ತಿದ್ದಬೇಕು?

ಇದು ತರಗತಿಯ ಚರ್ಚೆಗೆಂದು ಹೊಂದಿಸಿ ಬರೆದ ಪ್ರಕರಣ. ವಿದ್ಯಾರ್ಥಿನಿ, ಮಾರ್ಗದರ್ಶಕಿ, ಅಟೆಂಡರ್ ಯಾರೂ ನಿಜ ವ್ಯಕ್ತಿಗಳಲ್ಲ. ಜೀನ್, ಕಿಣ್ವ, ಬಣ್ಣ, ಅಳತೆಗಳು ಮಾತ್ರ ಬೆಂಚಿನ ಮೇಲೆ ಹಾಗೆಯೇ ಬಳಸುವಂಥವು.

ಗೊಂಚಲಿನೊಳಗೆ ಏನಿದೆ

ವಯೊಲಸೀನ್ ಎಂಬುದು ನೇರಳೆ ಬಣ್ಣದ ಒಂದು ಸಂಯುಕ್ತ. ಉಷ್ಣವಲಯದ ಮಣ್ಣು, ನೀರಿನಲ್ಲಿ ಬದುಕುವ ಕ್ರೋಮೊಬ್ಯಾಕ್ಟೀರಿಯಂ ವಯೊಲೇಸಿಯಂ ಅದನ್ನು ತಯಾರಿಸುತ್ತದೆ. ಅದಕ್ಕೆ ಬೇಕಾದ ಐದು ಜೀನ್‌ಗಳು, ವಿಯೊಎಯಿಂದ ವಿಯೊಇವರೆಗೆ, ಒಂದರ ಹಿಂದೆ ಒಂದು ಸಾಲಾಗಿ ಕೂತಿವೆ. ಒಟ್ಟು ಉದ್ದ ಸುಮಾರು 7.3 ಕಿಲೋಬೇಸ್, ಅಂದರೆ 7,300 ಡಿಎನ್‌ಎ ಅಕ್ಷರ. ಅದರಲ್ಲಿ ವಿಯೊಬಿ ಒಂದೇ 3 ಕಿಲೋಬೇಸ್ ತಿನ್ನುತ್ತದೆ. ವಿಯೊಇ 600ರ ಆಸುಪಾಸಿನಲ್ಲಿ ಮುಗಿಯುತ್ತದೆ.

ಕಚ್ಚಾವಸ್ತು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ, ಒಂದು ವಯೊಲಸೀನ್ ಅಣುವಿಗೆ ಎರಡು. ವಿಯೊಎ ಅದನ್ನು ಆಕ್ಸಿಡೀಕರಿಸುತ್ತದೆ, ವಿಯೊಬಿ ಎರಡನ್ನು ಸೇರಿಸುತ್ತದೆ, ವಿಯೊಇ ಆ ಜೋಡಿಯ ಒಳಗಟ್ಟನ್ನು ಮರುಜೋಡಿಸುತ್ತದೆ. ಆಮೇಲೆ ವಿಯೊಡಿ ಒಂದು ಕಡೆ, ವಿಯೊಸಿ ಇನ್ನೊಂದು ಕಡೆ ಆಮ್ಲಜನಕ ಕೂರಿಸುತ್ತವೆ. ಈ ಗೊಂಚಲನ್ನು ಕಲಿಕೆಗೆ ಆರಿಸುವುದಕ್ಕೆ ಕಾರಣವೇ ಇಲ್ಲಿದೆ: ಯಾವ ಕಿಣ್ವ ಕೈಕೊಟ್ಟಿತು ಎಂಬುದನ್ನು ಬಣ್ಣವೇ ಹೇಳುತ್ತದೆ. ಎ, ಬಿ, ಇ ಮೂರರಲ್ಲಿ ಯಾವುದು ಇಲ್ಲದಿದ್ದರೂ ಬಣ್ಣವಿಲ್ಲ. ಆ ಮೂರಿದ್ದು ಡಿ ಮಾತ್ರ ಇಲ್ಲದಿದ್ದರೆ ಗುಲಾಬಿ ಛಾಯೆಯ ಡಿಆಕ್ಸಿವಯೊಲಸೀನ್. ಸಿ ಇಲ್ಲದಿದ್ದರೆ, ಡಿ ಇರಲಿ ಬಿಡಲಿ, ಹಸಿರು. ಎಲ್ಲವೂ ಇದ್ದರೆ ನೇರಳೆ. 2009ರ ಐಜೆಮ್ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಸ್ಪರ್ಧೆಯಲ್ಲಿ ಕೇಂಬ್ರಿಜ್ ತಂಡ ಗೆದ್ದಾಗ ಇ. ಕೋಲಿಗೆ ಬಣ್ಣ ಕೊಟ್ಟ ಗೊಂಚಲುಗಳಲ್ಲಿ ಇದೂ ಒಂದು.

ಮೂಲ ಬ್ಯಾಕ್ಟೀರಿಯಾದಿಂದಲೇ ಗೊಂಚಲನ್ನು ಕತ್ತರಿಸಿ ತರಲಿಲ್ಲ, ಅದಕ್ಕೆ ಎರಡು ಕಾರಣ. ಕ್ರೋಮೊಬ್ಯಾಕ್ಟೀರಿಯಂ ಅಪರೂಪಕ್ಕೆ ಮನುಷ್ಯರಿಗೆ ಸೋಂಕಾಗಿ, ರಕ್ತಕ್ಕೆ ಸೇರಿದರೆ ಜೀವ ತೆಗೆಯುವಷ್ಟು ಉಗ್ರವಾಗಬಲ್ಲದು. ಕಾಲೇಜು ಬೆಂಚಿನ ಮೇಲೆ ಅದನ್ನು ಬೆಳೆಸುವ ಅಗತ್ಯವೇ ಇಲ್ಲ; ಅನುಕ್ರಮ ಗೊತ್ತಿದೆ, ಡಿಎನ್‌ಎ ಬರೆಸಿ ತರಿಸಬಹುದು. ಎರಡನೆಯದು ವಿಷಯಕ್ಕೇ ಸಂಬಂಧಿಸಿದ್ದು. ಮೂಲದಲ್ಲಿ ಈ ಗೊಂಚಲಿನ ಬೀಗ ಸಿವಿಐಆರ್ ಎಂಬ ಪ್ರೊಟೀನ್‌ನ ಕೈಯಲ್ಲಿದೆ. ಸುತ್ತ ತನ್ನವರು ಸಾಕಷ್ಟು ಸೇರಿದ್ದಾರೆ ಎಂಬ ರಾಸಾಯನಿಕ ಸುದ್ದಿ ಬಂದಾಗಲೇ ಅದು ಬೀಗ ತೆರೆಯುತ್ತದೆ. ಪುಟಿಡಾದಲ್ಲಾಗಲಿ ಬ್ಯಾಸಿಲಸ್‌ನಲ್ಲಾಗಲಿ ಆ ಕೀಲಿ ಇಲ್ಲ. ಹಾಗಾಗಿ ಹಳೆಯ ನಿಯಂತ್ರಣವನ್ನೆಲ್ಲ ಕಳಚಿ, ಕಿಣ್ವದ ಅಮೈನೊ ಆಮ್ಲ ಸರಣಿ ಮಾತ್ರ ಉಳಿಸಿಕೊಂಡು, ಪ್ರಮೋಟರ್ (ಜೀನ್ ಓದು ಶುರುವಾಗುವ ಜಾಗ), ಪ್ರೊಟೀನ್ ಕಟ್ಟುವ ರೈಬೋಸೋಮ್ ಬಂದು ಕೂರುವ ಜಾಗ, ಟರ್ಮಿನೇಟರ್ (ಓದು ನಿಲ್ಲುವ ಜಾಗ) ಎಲ್ಲವನ್ನೂ ಹೊಸದಾಗಿ ಬರೆಯಬೇಕು.

ಈ ದಾರಿಯ ದೊಡ್ಡ ಉದಾಹರಣೆ ಸಾರಜನಕದ್ದು. ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾ ಬ್ಯಾಕ್ಟೀರಿಯಾದಲ್ಲಿ ಗಾಳಿಯ ಸಾರಜನಕ ಹಿಡಿಯುವ ನಿಫ್ ಗೊಂಚಲಿನಲ್ಲಿ 23.5 ಕಿಲೋಬೇಸ್ ಉದ್ದಕ್ಕೆ 20 ಜೀನ್‌ಗಳಿವೆ. ಕ್ರಿಸ್ಟೋಫರ್ ವಾಯ್ಟ್ ಅವರ ತಂಡ 2012ರಲ್ಲಿ ಅದನ್ನು ಹೀಗೆ ಪೂರ್ತಿ ಹೊಸದಾಗಿ ಬರೆದಾಗ ಮೂಲದ ಶೇಕಡ 10ರಷ್ಟು ಕೆಲಸವೂ ಸಿಗಲಿಲ್ಲ. ಭಾಗಗಳನ್ನು ಅದಲುಬದಲು ಮಾಡಿ ಬಹಳಷ್ಟು ಜೋಡಣೆ ಪರೀಕ್ಷಿಸಿದ ಮೇಲೆ, 2014ರಲ್ಲಿ ಅರ್ಧಕ್ಕಿಂತ ಮೇಲೆ ಬಂತು. ಅಡಿಕೆ, ತೆಂಗು, ಗದ್ದೆಯ ನಡುವೆ ಕೂತು ಈ ಕೆಲಸ ಮಾಡುವವರಿಗೆ ಸಾರಜನಕದ ಆಸೆ ಸಹಜ. ಆದರೆ ಐದು ಜೀನ್ ಹೊರುವುದು ಕಲಿಯದೆ ಇಪ್ಪತ್ತಕ್ಕೆ ಹೆಗಲು ಕೊಡಬಾರದು.

ಜೋಡಣೆ

ಮೂಲ ಸಾಲು ಎ-ಬಿ-ಸಿ-ಡಿ-ಇ. ಇಲ್ಲಿ ಎ-ಬಿ-ಇ-ಡಿ-ಸಿ ಎಂದು ಬದಲಿಸಲಾಯಿತು. ಉದ್ದದ ಸಾಲಿನಲ್ಲಿ ಕೊನೆಯ ಜೀನ್‌ಗಳು ಸೊರಗುವುದು ಸಾಮಾನ್ಯ. ಮೂಲ ಕ್ರಮದಲ್ಲಿ ಸೊರಗುವುದು ಇ. ಅದು ಹೋದರೆ ಬಣ್ಣವೇ ಇಲ್ಲ, ಸುಳಿವೂ ಇಲ್ಲ. ಹೊಸ ಕ್ರಮದಲ್ಲಿ ಬಾಲ ಸೊರಗಿದರೆ ಹಸಿರಾದರೂ ಕಾಣುತ್ತದೆ. ಸೋತಾಗಲೂ ಏನನ್ನಾದರೂ ಹೇಳುವ ವಿನ್ಯಾಸ ಇದು, ಒಳ್ಳೆಯ ನಿರ್ಧಾರ.

ಗೊಂಚಲನ್ನು ಹೊರುವ ಪ್ಲಾಸ್ಮಿಡ್ (ಉಂಗುರದಂಥ ಚಿಕ್ಕ ಡಿಎನ್‌ಎ) ಪಿಸೆವಾ231. ಸೆವಾ ಹೆಸರಿನ ಅಂಕಿಗಳಿಗೆ ಅರ್ಥವಿದೆ: 2 ಎಂದರೆ ಕನಾಮೈಸಿನ್ ಪ್ರತಿಜೀವಕ ತಡೆಯುವ ಜೀನ್, 3 ಎಂದರೆ ಪ್ರತಿಯಾಗುವುದು ಶುರುವಾಗುವ ಪಿಬಿಬಿಆರ್1 ಮೂಲ, 1 ಎಂದರೆ ಸಾದಾ ಜೋಡಣಾ ತಾಣ. ಇ. ಕೋಲಿ ಲ್ಯಾಬ್‌ಗಳಲ್ಲಿ ಓಡಾಡುವ ಪಿಯುಸಿ ಬಗೆಯ ಪ್ಲಾಸ್ಮಿಡ್‌ಗಳು ಪುಟಿಡಾದಲ್ಲಿ ಪ್ರತಿಯಾಗುವುದಿಲ್ಲ. ಪಿಬಿಬಿಆರ್1 ಎರಡರಲ್ಲೂ ನಿಲ್ಲುತ್ತದೆ. ಪ್ಲಾಸ್ಮಿಡ್ ಹೊಕ್ಕ ಕೋಶ ಮಾತ್ರ ಬದುಕಲೆಂದು ಪ್ಲೇಟಿಗೆ ಹಾಕುವ ಪ್ರತಿಜೀವಕದ ಆಯ್ಕೆಯಲ್ಲೂ ಎಚ್ಚರ ಬೇಕು. ಪುಟಿಡಾ ಆಂಪಿಸಿಲಿನ್, ಕ್ಲೋರಾಂಫೆನಿಕಾಲ್ ಎರಡನ್ನೂ ಹುಟ್ಟಿನಿಂದಲೇ ತಡೆದುಕೊಳ್ಳುತ್ತದೆ. ಆ ಪ್ಲೇಟಿನಲ್ಲಿ ಬೆಳೆದದ್ದೆಲ್ಲ ಗೆದ್ದದ್ದು ಎಂದು ಬಗೆದು ತಿಂಗಳು ಕಳೆದುಕೊಂಡವರು ಕಡಿಮೆಯಲ್ಲ. ಕನಾಮೈಸಿನ್ ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಸರಿ. ಪ್ರಮೋಟರ್ ಆಂಡರ್ಸನ್ ಸಂಗ್ರಹದ ಮಧ್ಯಮ ಬಲದ ಜೆ23106.

ತುಂಡುಗಳನ್ನು ಸೇರಿಸಿದ್ದು ಗೋಲ್ಡನ್ ಗೇಟ್ ವಿಧಾನದಲ್ಲಿ, ಬಿಎಸ್‌ಎ-1 ಕತ್ತರಿ ಕಿಣ್ವ ಮತ್ತು ತುಂಡು ಅಂಟಿಸುವ ಟಿ4 ಲೈಗೇಸ್ ಒಂದೇ ಟ್ಯೂಬಿನಲ್ಲಿ. 37 ಡಿಗ್ರಿಯಲ್ಲಿ 5 ನಿಮಿಷ, 16 ಡಿಗ್ರಿಯಲ್ಲಿ 5 ನಿಮಿಷ, ಹೀಗೆ 30 ಸುತ್ತು. ಕೊನೆಗೆ 60 ಡಿಗ್ರಿಯಲ್ಲಿ 5 ನಿಮಿಷ, ಆಮೇಲೆ 80 ಡಿಗ್ರಿಯಲ್ಲಿ 10 ನಿಮಿಷ ಇಟ್ಟು ಕಿಣ್ವ ಸಾಯಿಸುವುದು. ಜೀನ್‌ಗಳಲ್ಲೂ ಪ್ಲಾಸ್ಮಿಡ್ಡಿನಲ್ಲೂ ಬಿಎಸ್‌ಎ-1 ತಾಣ ಇಲ್ಲವೆಂದು ಮೊದಲೇ ಹುಡುಕಿ ಖಚಿತಪಡಿಸಿಕೊಳ್ಳಬೇಕು. ಹೊಸಬರು ಇಲ್ಲಿ ತಪ್ಪುವುದು ತೂಕದಲ್ಲಿ: ಪ್ರತಿ ತುಂಡನ್ನೂ 100 ನ್ಯಾನೊಗ್ರಾಂ ಹಾಕುತ್ತಾರೆ. ಬೇಕಾದದ್ದು ತೂಕದ ಸಮತೆಯಲ್ಲ, ಅಣುಗಳ ಎಣಿಕೆಯ ಸಮತೆ. ಪಿಕೊಮೋಲ್ (ಅಣುಗಳ ಎಣಿಕೆಯ ಅಳತೆ) ಅನ್ನು ಬೇಸ್ ಜೋಡಿಗಳ ಸಂಖ್ಯೆಯಿಂದಲೂ 0.65ರಿಂದಲೂ ಗುಣಿಸಿದರೆ ನ್ಯಾನೊಗ್ರಾಂ ಸಿಗುತ್ತದೆ. 0.05 ಪಿಕೊಮೋಲ್ ಬೇಕಾದರೆ ವಿಯೊಬಿ 98 ನ್ಯಾನೊಗ್ರಾಂ, ವಿಯೊಇ ಬರೀ 20. ಎರಡನ್ನೂ 100 ಹಾಕಿದರೆ ವಿಯೊಇ ಐದು ಪಟ್ಟಾಗಿ, ಅರೆಬರೆ ಜೋಡಣೆಗಳೇ ತುಂಬಿಕೊಳ್ಳುತ್ತವೆ.

ಒಂದೇ ಅಮೈನೊ ಆಮ್ಲಕ್ಕೆ ಹಲವು ಮೂರಕ್ಷರದ ಪದಗಳು, ಅಂದರೆ ಕೋಡಾನ್‌ಗಳು, ಇರುತ್ತವೆ; ಯಾವುದನ್ನು ಹೆಚ್ಚು ಬಳಸುವುದೆಂಬ ರೂಢಿ ಜಾತಿಯಿಂದ ಜಾತಿಗೆ ಬೇರೆ. ಇ. ಕೋಲಿಗೆ ಇ. ಕೋಲಿಯ ಕೋಡಾನ್ ರೂಢಿಯಲ್ಲಿ ಬರೆಸಿದ ಆವೃತ್ತಿ ಹೋಯಿತು, ಪ್ಲೇಟ್ ನೇರಳೆಯಾಯಿತು. ಪುಟಿಡಾದ ಕೆಟಿ2440 ತಳಿಯ ಜೀನೋಮಿನಲ್ಲಿ (ಒಟ್ಟು ಡಿಎನ್‌ಎಯಲ್ಲಿ) ಜಿ ಮತ್ತು ಸಿ ಅಕ್ಷರ ಸೇರಿ ಶೇಕಡ 61ರಿಂದ 62; ಇ. ಕೋಲಿಯಲ್ಲಿ ಶೇಕಡ 51ರ ಒಳಗೆ. ಬ್ಯಾಸಿಲಸ್ 168ರಲ್ಲಿ ಶೇಕಡ 43.5. ಆದ್ದರಿಂದ ಪುಟಿಡಾಗೆಂದು ಜಿ-ಸಿ ಹೆಚ್ಚಿಸಿದ ಎರಡನೇ ಆವೃತ್ತಿ, ಬ್ಯಾಸಿಲಸ್‌ಗೆಂದು ಎ-ಟಿ ಹೆಚ್ಚಿಸಿದ ಮೂರನೆಯದು. ಕಾಗದದ ಮೇಲೆ ಎಲ್ಲವೂ ಸರಿ.

ಹಸಿರಿನ ವಿಚಾರಣೆ

ಪುಟಿಡಾಗೆ ಡಿಎನ್‌ಎ ಹೊಗಿಸುವುದು ಸುಲಭ. ರಾತ್ರಿ ಬೆಳೆದ ಕಲ್ಚರನ್ನು 300 ಮಿಲಿಮೋಲಾರ್ ಸುಕ್ರೋಸ್‌ನಲ್ಲಿ ಎರಡು ಸಲ ತೊಳೆದು, 2 ಮಿಲಿಮೀಟರ್ ಕುವೆಟ್‌ನಲ್ಲಿ 2.5 ಕಿಲೋವೋಲ್ಟ್ ವಿದ್ಯುತ್ ಹೊಡೆತ ಕೊಟ್ಟರೆ ಆಯಿತು. ತೊಳೆಯುವುದು ಕೋಣೆಯ ಉಷ್ಣಾಂಶದಲ್ಲೇ. ಕರೆಂಟ್ ಹೋಗಿ ಫ್ರೀಜರ್ ಕರಗುವ ಮಳೆಗಾಲದಲ್ಲಿ, ಮೈನಸ್ 80ರಲ್ಲಿ ಕೂಡಿಟ್ಟ ಕಾಂಪಿಟೆಂಟ್ (ಡಿಎನ್‌ಎ ಒಳಬಿಟ್ಟುಕೊಳ್ಳಲು ತಯಾರಾದ) ಕೋಶಗಳನ್ನು ನಂಬಬೇಕಿಲ್ಲದಿರುವುದು ದೊಡ್ಡ ಅನುಕೂಲ.

ಕಾಲೊನಿಗಳು ಬಂದವು, ಹಸಿರಾಗಿ. ವಿದ್ಯಾರ್ಥಿನಿ ನೋಟ್‌ಬುಕ್ಕಿನಲ್ಲಿ "ವಿಯೊಸಿ ಕೆಲಸ ಮಾಡುತ್ತಿಲ್ಲ" ಎಂದು ಬರೆದಳು. ಮಾರ್ಗದರ್ಶಕಿ ಕೇಳಿದ ಮೊದಲ ಪ್ರಶ್ನೆ: ಇದು ನಮ್ಮ ಹಸಿರೋ, ಅದರ ಹಸಿರೋ?

ಪ್ರಶ್ನೆ ಸರಿಯಾದದ್ದು. ಕಬ್ಬಿಣ ಕಡಿಮೆಯಾದಾಗ ಪುಟಿಡಾ ತಾನಾಗಿಯೇ ಪೈಯೊವರ್ಡಿನ್ ಎಂಬ ಹಳದಿ-ಹಸಿರು ವಸ್ತು ಸ್ರವಿಸುತ್ತದೆ. ಬೇರ್ಪಡಿಸುವುದು ಹೀಗೆ: 1 ಮಿಲಿಲೀಟರ್ ಕಲ್ಚರನ್ನು 13,000 ಆರ್‌ಪಿಎಂನಲ್ಲಿ 5 ನಿಮಿಷ ತಿರುಗಿಸಿ. ಪೈಯೊವರ್ಡಿನ್ ಮೇಲಿನ ತಿಳಿಯಲ್ಲಿ ಉಳಿಯುತ್ತದೆ, 365 ನ್ಯಾನೊಮೀಟರ್ ಯುವಿ ದೀಪದಡಿ ಹೊಳೆಯುತ್ತದೆ, ಒಂದು ಹನಿ ಫೆರಿಕ್ ಕ್ಲೋರೈಡ್ ಹಾಕಿದರೆ ಆ ಹೊಳಪು ಅಡಗುತ್ತದೆ. ಗೊಂಚಲಿನ ಹಸಿರು ಕೋಶದೊಳಗಿನದು; ತಳದ ಗಟ್ಟಿಯಲ್ಲಿ ಕೂರುತ್ತದೆ, ಶೇಕಡ 95ರ ಎಥನಾಲ್‌ನಲ್ಲಿ ಕದಡಿದರೆ ಮಾತ್ರ ಹೊರಬರುತ್ತದೆ. ಇಲ್ಲಿ ಎರಡೂ ಇದ್ದವು. ತಿಳಿ ಹೊಳೆಯಿತು, ಗಟ್ಟಿಯೂ ಹಸಿರಾಗಿತ್ತು. ಹಾಗಾಗಿ ಬರೆದ ತೀರ್ಮಾನ ಸರಿಯೇ, ಅದಕ್ಕೆ ಆಧಾರ ಸಿಕ್ಕಿದ್ದು ಮಾತ್ರ ಈಗ.

ಅಳೆಯುವಾಗ ಇನ್ನೊಂದು ಮಾತು. ಬೆಳವಣಿಗೆಯನ್ನು 600 ನ್ಯಾನೊಮೀಟರ್‌ನಲ್ಲಿ ಅಳೆಯುವುದು ಎಲ್ಲರ ರೂಢಿ. ವಯೊಲಸೀನ್ ಬೆಳಕು ಹೀರುವ ಶಿಖರ 575ರ ಹತ್ತಿರ, ಅದರ ಬಾಲ 600ರವರೆಗೂ ಚಾಚುತ್ತದೆ. ಬಣ್ಣ ಹೆಚ್ಚಾದಷ್ಟೂ ಕೋಶಗಳು ಹೆಚ್ಚಿದಂತೆ ಮೀಟರ್ ತೋರಿಸುತ್ತದೆ. ಬೆಳವಣಿಗೆಯನ್ನು 720ರಲ್ಲಿ ಅಳೆದು, ಎಥನಾಲ್ ಸಾರವನ್ನು 575ರಲ್ಲಿ ಅಳೆದು, ಎರಡರ ಅನುಪಾತ ಇಟ್ಟುಕೊಳ್ಳಬೇಕು.

ಮುಂದಿನ ಅನುಮಾನ ಗಾಳಿ ಮತ್ತು ಬಿಸಿ. ವಿಯೊಎ, ಸಿ, ಡಿ ಮೂರಕ್ಕೂ ಆಮ್ಲಜನಕ ಬೇಕು. ಪುಟಿಡಾಗೂ ಆಮ್ಲಜನಕವಿಲ್ಲದೆ ಉಸಿರಿಲ್ಲ. ಕೋಶ ತನ್ನ ಉಸಿರಿಗೇ ಪರದಾಡುವಾಗ ನಮ್ಮ ಕಿಣ್ವಗಳಿಗೆ ಪಾಲು ಸಿಗುವುದಿಲ್ಲ. ಫ್ಲಾಸ್ಕ್ 250 ಮಿಲಿಲೀಟರಿನದು, ಅದರಲ್ಲಿ 100 ಮಿಲಿಲೀಟರ್ ಕಲ್ಚರ್ ತುಂಬಿಸಲಾಗಿತ್ತು. 25 ಸಾಕಿತ್ತು. ಫ್ಲಾಸ್ಕ್ ಅಲುಗಿಸುವ ಶೇಕರ್ 28 ಡಿಗ್ರಿಗೆ ಇಟ್ಟದ್ದು ಎಂದು ನೋಟ್‌ಬುಕ್ ಹೇಳುತ್ತಿತ್ತು. ಆದರೆ ಅಟೆಂಡರ್ ಹೇಳಿದ್ದು ಬೇರೆ: "ಮೇಡಂ, ಬೆಳಿಗ್ಗೆ ಬಾಗಿಲು ತೆಗೆದ್ರೆ ಒಳಗಿಂದ ಬಿಸಿ ಹೊಡಿತದೆ. ಇಪ್ಪತ್ತೆಂಟು ಅಲ್ಲ ಅದು."

ತಂಪು ಮಾಡುವ ಯಂತ್ರವಿಲ್ಲದ ಶೇಕರ್ ಬಿಸಿ ಮಾತ್ರ ಮಾಡಬಲ್ಲದು. ಏಪ್ರಿಲ್‌ನ ಕಾಸರಗೋಡಿನಲ್ಲಿ ಕೋಣೆಯೇ 33-34 ಡಿಗ್ರಿ ಇರುವಾಗ, ಮೋಟಾರಿನ ಶಾಖ ಸೇರಿ ಒಳಗೆ 36-37 ಆಗುತ್ತದೆ. ಗುಂಡಿಯ ಮೇಲೆ 28 ಎಂದು ಬರೆದಿದ್ದರೂ. ಪುಟಿಡಾಗೆ ಹಿತವಾದದ್ದು 30. ಇ. ಕೋಲಿಯಲ್ಲೂ ಈ ಬಣ್ಣ 37ಕ್ಕಿಂತ 25-30ರಲ್ಲಿ ಚೆನ್ನಾಗಿ ಬರುತ್ತದೆ. ನೀರಿನಲ್ಲಿ ಕರಗುವ ಆಮ್ಲಜನಕವೂ ಬಿಸಿಗೆ ಇಳಿಯುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂಗಿಂತ ತುಸು ಮೇಲಿದ್ದದ್ದು 37ರಲ್ಲಿ 7ರ ಕೆಳಗೆ ಬರುತ್ತದೆ. ಹವಾನಿಯಂತ್ರಿತ ಕೋಣೆಗೆ ಶೇಕರ್ ಸಾಗಿಸಿ, ಗುಂಡಿಯನ್ನು ನಂಬದೆ ನೀರು ತುಂಬಿದ ಫ್ಲಾಸ್ಕಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 25 ಮಿಲಿಲೀಟರ್ ಕಲ್ಚರ್ ಹಾಕಿ ಬೆಳೆಸಲಾಯಿತು. ಬಣ್ಣ ಗಾಢವಾಯಿತು. ಗಾಢ ಹಸಿರು.

ಇದು ಒಳ್ಳೆಯ ಸುದ್ದಿ. ಬಣ್ಣದ ಪ್ರಮಾಣ ಏರಿ ಬಣ್ಣದ ಬಗೆ ಬದಲಾಗಲಿಲ್ಲ ಎಂದರೆ ದಾರಿಯ ಮೊದಲ ಅರ್ಧ ಚೆನ್ನಾಗಿದೆ, ತೊಡಕು ವಿಯೊಸಿಯಲ್ಲಿದೆ.

ಈ ಘಟ್ಟದಲ್ಲಿ ಬಹಳ ಜನ ಮಾಡುವ ತಪ್ಪು: ಪುಟಿಡಾವನ್ನು ದೂರುತ್ತಾ, ಅದಕ್ಕೆಂದು ಇನ್ನೊಂದು ವಿನ್ಯಾಸ ಬರೆಸಲು ಹೊರಡುವುದು. ಅದಕ್ಕೆ ಮೊದಲು ಒಂದು ದಿನದ, ಹೆಚ್ಚು ಖರ್ಚಿಲ್ಲದ ಪರೀಕ್ಷೆ ಇದೆ. ಪುಟಿಡಾದಿಂದ ಪ್ಲಾಸ್ಮಿಡ್ ತೆಗೆದು ಅದನ್ನೇ ಮರಳಿ ಇ. ಕೋಲಿಗೆ ಹಾಕುವುದು. ಅಲ್ಲಿ ನೇರಳೆ ಬಂದರೆ ತೊಡಕು ಆತಿಥೇಯ ಕೋಶದ್ದು. ಅಲ್ಲೂ ಹಸಿರೇ ಬಂದರೆ ತೊಡಕು ಡಿಎನ್‌ಎಯದ್ದು. ಜಾತಿಯಿಂದ ಜಾತಿಗೆ ಗೊಂಚಲು ಸಾಗಿಸುವ ಯಾವ ಪ್ರಾಜೆಕ್ಟ್‌ನಲ್ಲೂ ಈ ಹಿಂದಿರುಗಿಸುವ ಪರೀಕ್ಷೆ ಬಿಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಎರಡು ಆವೃತ್ತಿ, ಎರಡು ಕೋಶ, ನಾಲ್ಕು ಪ್ಲೇಟ್, ಇ. ಕೋಲಿಯ ಆವೃತ್ತಿಯನ್ನೂ ಪುಟಿಡಾಗೆ ಹಾಕಿ ನೋಡಬೇಕು.

ನಾಲ್ಕು ಪ್ಲೇಟಿನ ಉತ್ತರ ಸ್ಪಷ್ಟವಾಗಿತ್ತು. ಮೊದಲ ಆವೃತ್ತಿ ಎರಡು ಕೋಶದಲ್ಲೂ ನೇರಳೆ. ಪುಟಿಡಾಗೆಂದೇ "ಸುಧಾರಿಸಿದ" ಎರಡನೇ ಆವೃತ್ತಿ ಎರಡರಲ್ಲೂ ಹಸಿರು. ಪೂರ್ತಿ ಪ್ಲಾಸ್ಮಿಡ್ಡನ್ನು ಸೀಕ್ವೆನ್ಸ್ ಮಾಡಿಸಿದರೆ ಒಂದಕ್ಷರವೂ ತಪ್ಪಿಲ್ಲ. ಹಾಗಾದರೆ ಬರೆದದ್ದೇ ತಪ್ಪು.

ತಪ್ಪು ಇದ್ದದ್ದು ವಿಯೊಸಿಯ ಬಾಗಿಲಲ್ಲಿ. ಎಫ್‌ಎಡಿ ಎಂಬ ಸಹಾಯಕ ಅಣು ಹಿಡಿಯುವ ಈ ಬಗೆಯ ಕಿಣ್ವಗಳ ಆರಂಭದಲ್ಲೇ ಗ್ಲೈಸಿನ್ ಎಂಬ ಅಮೈನೊ ಆಮ್ಲಗಳು ಒತ್ತಾಗಿ ಬರುತ್ತವೆ. ವಿಯೊಸಿಯಲ್ಲಿ ಮೊದಲ 15 ಅಮೈನೊ ಆಮ್ಲಗಳೊಳಗೇ. ಗ್ಲೈಸಿನ್‌ನ ನಾಲ್ಕೂ ಕೋಡಾನ್ ಜಿಜಿಯಿಂದ ಆರಂಭ, ಮೂರನೇ ಅಕ್ಷರ ಮಾತ್ರ ನಮ್ಮ ಕೈಯಲ್ಲಿ. ಜಿ-ಸಿ ಹೆಚ್ಚಿಸುವ ಸಾಫ್ಟ್‌ವೇರ್ ಎಲ್ಲವನ್ನೂ ಜಿಜಿಸಿ ಮಾಡಿತು, ಪಕ್ಕದ ಅಲನಿನ್‌ಗಳನ್ನು ಜಿಸಿಸಿ ಮಾಡಿತು. ಹೀಗೆ ಬಂದ ಸಿ-ಗಳು, ಸ್ವಲ್ಪವೇ ಹಿಂದಿರುವ ರೈಬೋಸೋಮ್ ಕೂರುವ ಎಜಿಜಿಎಜಿಜಿಯ ಜಿ-ಗಳಿಗೆ ಜೋಡಿಯಾದವು. ಜೀನಿನ ಪ್ರತಿಯಾದ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡಿತು. ಕೂರುವ ಮಣೆಯೇ ಮುಚ್ಚಿಹೋದ ಮೇಲೆ ರೈಬೋಸೋಮ್ ಎಲ್ಲಿ ಕೂರಬೇಕು?

ಇದು ಹೊಸ ಅರಿವೇನಲ್ಲ. 2009ರಲ್ಲಿ ಒಂದೇ ಹಸಿರು ಹೊಳೆಯುವ ಪ್ರೊಟೀನಿಗೆ 154 ಬಗೆಯ ಸಮಾನಾರ್ಥಕ ಜೀನ್‌ಗಳನ್ನು ಬರೆದು ಇ. ಕೋಲಿಯಲ್ಲಿ ಹೋಲಿಸಿದಾಗ ಪ್ರೊಟೀನ್ ಪ್ರಮಾಣದಲ್ಲಿ 250 ಪಟ್ಟು ವ್ಯತ್ಯಾಸ ಕಂಡಿತ್ತು. ಅದರಲ್ಲಿ ಅರ್ಧಕ್ಕೂ ಹೆಚ್ಚು ವ್ಯತ್ಯಾಸಕ್ಕೆ ಉತ್ತರ ಸಿಕ್ಕಿದ್ದು ಆರಂಭದ ಮಡಿಕೆಯಲ್ಲಿ. ಕೋಡಾನ್ ರೂಢಿಯಲ್ಲಿ ಅಲ್ಲ. ಕೋಡಾನ್ ಹೊಂದಿಸುವ ಸಾಫ್ಟ್‌ವೇರ್ ಜೀನನ್ನು ಮಾತ್ರ ನೋಡುತ್ತದೆ, ಅದರ ಹಿಂದೆ ಏನಿದೆ ಎಂದು ನೋಡುವುದಿಲ್ಲ. ಆರಂಭಿಕ ಕೋಡಾನ್‌ನ ಹಿಂದೆ 35, ಮುಂದೆ 35 ಅಕ್ಷರ ತೆಗೆದುಕೊಂಡು ಆರ್‌ಎನ್‌ಎ ಮಡಿಸುವ ಯಾವುದಾದರೂ ಉಚಿತ ಪ್ರೋಗ್ರಾಂಗೆ ಕೊಟ್ಟಿದ್ದರೆ ಆರ್ಡರ್ ಮಾಡುವ ಮೊದಲೇ ಕಾಣುತ್ತಿತ್ತು. ಸಾಲಿನ ನಡುವಿನ ಜೀನಿಗೆ ಆ 35 ಅಕ್ಷರದಲ್ಲಿ ಹಿಂದಿನ ಜೀನಿನ ಬಾಲವೂ ಸೇರುತ್ತದೆ ಎಂಬುದನ್ನು ಮರೆಯಬಾರದು.

ತಿದ್ದುವುದಕ್ಕೆ ಪೂರ್ತಿ ಜೀನ್ ಬರೆಸಬೇಕಾಗಿಲ್ಲ. ಜೋಡಣೆ ತುಂಡು ತುಂಡಾಗಿದ್ದುದು ಇಲ್ಲಿ ಉಪಕಾರಕ್ಕೆ ಬಂತು. ಮೊದಲ 15 ಕೋಡಾನ್‌ಗಳನ್ನು ಹೊಸದಾಗಿ ಬರೆದ ಒಂದು ಉದ್ದ ಪ್ರೈಮರ್ (ಪಿಸಿಆರ್ ಶುರುಮಾಡುವ ಡಿಎನ್‌ಎ ಎಳೆ) ತರಿಸಿ, 1.3 ಕಿಲೋಬೇಸ್‌ನ ವಿಯೊಸಿಯನ್ನಷ್ಟೇ ಪಿಸಿಆರ್‌ನಲ್ಲಿ ಬೆಳೆಸಿ, ಉಳಿದ ತುಂಡುಗಳೊಂದಿಗೆ ಮತ್ತೆ ಗೋಲ್ಡನ್ ಗೇಟ್ ಮಾಡಲಾಯಿತು. ಜಿ-ಸಿ ದಟ್ಟವಾದ್ದರಿಂದ ಪಿಸಿಆರ್‌ಗೆ ಶೇಕಡ 3 ಡಿಎಂಎಸ್‌ಒ ದ್ರಾವಕ. ಹೊಸ ಆರಂಭ ಬರೆಯುವಾಗಲೂ ಒಂದು ಹಳ್ಳವಿದೆ. ಜಿಜಿಸಿ ಬೇಡವೆಂದು ಒಂದನ್ನು ಜಿಜಿಎ, ಪಕ್ಕದ್ದನ್ನು ಜಿಜಿಟಿ ಮಾಡಿದರೆ ಸೇರಿ ಜಿಜಿಎಜಿಜಿಟಿ ಆಗುತ್ತದೆ. ಜೀನಿನ ಒಳಗೇ ರೈಬೋಸೋಮ್‌ಗೆ ಇನ್ನೊಂದು ಮಣೆ ಹಾಕಿಕೊಟ್ಟ ಹಾಗೆ. ಜಿಜಿಟಿ-ಜಿಜಿಟಿ ಎಂದು ಬರೆದರೆ ಆ ಅಪಾಯವಿಲ್ಲ. ಹೊಸ ಪ್ಲಾಸ್ಮಿಡ್ ಪುಟಿಡಾದಲ್ಲಿ ನೇರಳೆಯಾಯಿತು. ಬರೆಸುವ ಹಣ ಮುಟ್ಟದೆ ಉಳಿಯಿತು.

ಬಿಳಿಯ ವಿಚಾರಣೆ

ಬ್ಯಾಸಿಲಸ್ ಗ್ರಾಂ-ಪಾಸಿಟಿವ್, ಅಂದರೆ ಹೊರಪೊರೆ ಇಲ್ಲದ ಗುಂಪಿನದು; ಪಿಬಿಬಿಆರ್1 ಅಲ್ಲಿ ನಿಲ್ಲುವುದಿಲ್ಲ. ಗೊಂಚಲನ್ನು ಕ್ರೋಮೊಸೋಮಿನ ಎಎಂವೈಇ (ಪಿಷ್ಟ ಒಡೆಯುವ ಅಮೈಲೇಸ್‌ನ ಜೀನ್) ತಾಣಕ್ಕೆ ಸೇರಿಸುವ ಪ್ಲಾಸ್ಮಿಡ್ಡಿಗೆ ಹಾಕಿ, ಕ್ಲೋರಾಂಫೆನಿಕಾಲ್ ಮಿಲಿಲೀಟರಿಗೆ 5 ಮೈಕ್ರೊಗ್ರಾಂ ಇಟ್ಟು ಆರಿಸಲಾಯಿತು. ಸರಿಯಾದ ಜಾಗಕ್ಕೆ ಸೇರಿದೆಯೇ ಎಂದು ನೋಡಲು ಪಿಸಿಆರ್‌ಗಿಂತ ಮೊದಲು ಪಿಷ್ಟದ ಪ್ಲೇಟ್ ಸಾಕು. ಎಎಂವೈಇ ಮುರಿದರೆ ಅಮೈಲೇಸ್ ಇಲ್ಲ. ಅಯೋಡಿನ್ ಸುರಿದಾಗ ಕಾಲೊನಿಯ ಸುತ್ತ ತಿಳಿ ವರ್ತುಲ ಮೂಡುವುದಿಲ್ಲ. ವರ್ತುಲ ಮೂಡಲಿಲ್ಲ, ಡಿಎನ್‌ಎ ಒಳಗಿತ್ತು. ಬಣ್ಣ ಮಾತ್ರ ಇಲ್ಲ.

ಮೊದಲ ತೊಡಕು ಬೇಗ ಸಿಕ್ಕಿತು. ಇ. ಕೋಲಿಯ ರೈಬೋಸೋಮ್‌ನಲ್ಲಿ ಎಸ್1 ಎಂಬ ದೊಡ್ಡ ಪ್ರೊಟೀನ್ ಆರ್‌ಎನ್‌ಎಯ ಮಡಿಕೆ ಬಿಡಿಸಲು ನೆರವಾಗುತ್ತದೆ, ಹೊಂದಾಣಿಕೆ ಅರೆಬರೆ ಇದ್ದರೂ ಕೆಲಸ ನಡೆಯುತ್ತದೆ. ಬ್ಯಾಸಿಲಸ್‌ಗೆ ಆ ನೆರವಿಲ್ಲ. ಅದಕ್ಕೆ ಎಜಿಜಿಎಜಿಜಿ ಪೂರ್ತಿಯಾಗಿ ಬೇಕು, ಅಲ್ಲಿಂದ ಆರಂಭಿಕ ಕೋಡಾನ್‌ಗೆ 7ರಿಂದ 9 ಅಕ್ಷರದ ಅಂತರ ಬೇಕು, ಸುತ್ತಮುತ್ತ ಮಡಿಕೆ ಇರಬಾರದು. ಐದೂ ಜೀನ್‌ಗಳ ಹಿಂದಿನ ಜಾಗವನ್ನು ಹೀಗೆ ಬರೆದದ್ದಾಯಿತು. ಜೀನ್‌ಗಳೊಳಗೆ ಸಿಟಿಸಿಜಿಎಜಿ ಬಂದಲ್ಲೆಲ್ಲ ಬದಲಿಸಲಾಯಿತು. ಬ್ಯಾಸಿಲಸ್ 168ರ ಸ್ವಂತ ಕತ್ತರಿ ಆ ಅಕ್ಷರಗಳನ್ನು ಹುಡುಕುತ್ತದೆ. ಎ-ಟಿ ಹೆಚ್ಚಿಸುವಾಗ ಜೀನ್ ನಡುವೆ ಟಿಎಟಿಎಎಟಿ ಹುಟ್ಟಿಕೊಂಡರೆ ಅದೇ ಒಂದು ಕಳ್ಳ ಪ್ರಮೋಟರ್ ಆಗಬಹುದು, ಅದನ್ನೂ ಸೋಸಬೇಕು.

ಇಷ್ಟಾದ ಮೇಲೆ ಕಾಲೊನಿಗಳು ಎರಡು ಬಗೆಯಾಗಿ ಬಂದವು: ಸೂಜಿಮೊನೆಯಷ್ಟು ಚಿಕ್ಕವು ಹಲವು, ದೊಡ್ಡ ಬಿಳಿಯವು ಕೆಲವು. ಕೈ ಸಹಜವಾಗಿ ದೊಡ್ಡದರತ್ತ ಹೋಗುತ್ತದೆ. ಹೋಗಬಾರದಿತ್ತು. ದೊಡ್ಡವುಗಳನ್ನು ಸೀಕ್ವೆನ್ಸ್ ಮಾಡಿದರೆ ಗೊಂಚಲಿನ ನಡುಭಾಗವೇ ಇಲ್ಲ. ಎರಡು ಕಡೆ ಒಂದೇ ಟರ್ಮಿನೇಟರ್ ಬಳಸಲಾಗಿತ್ತು. ಬ್ಯಾಸಿಲಸ್ ಒಂದೇ ರೀತಿಯ ಎರಡು ಅನುಕ್ರಮಗಳ ನಡುವಿನದನ್ನು ಸಲೀಸಾಗಿ ಕತ್ತರಿಸಿ ಎಸೆಯುತ್ತದೆ. ಆದರೆ ಟರ್ಮಿನೇಟರ್ ನಡುಭಾಗ ಹೊರಬಿದ್ದ ದಾರಿ ಮಾತ್ರ, ಕಾರಣವಲ್ಲ. ಗೊಂಚಲನ್ನು ಎಸೆದ ಕೋಶಗಳೇ ಏಕೆ ದಪ್ಪಗೆ ಬೆಳೆದವು?

ಏಕೆಂದರೆ ವಯೊಲಸೀನ್ ಬ್ಯಾಸಿಲಸ್‌ಗೆ ವಿಷ. ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳ ಕೋಶಪೊರೆಯನ್ನು ಅದು ಕೆಡಿಸುತ್ತದೆ. ಹೊರಗೆ ಇನ್ನೊಂದು ಪೊರೆ ಇರುವ ಇ. ಕೋಲಿ, ಪುಟಿಡಾ ಅದನ್ನು ಬಹಳ ಮಟ್ಟಿಗೆ ಸಹಿಸುತ್ತವೆ. ಗೊಂಚಲು ಚೆನ್ನಾಗಿ ಕೆಲಸ ಮಾಡಿದ ಪ್ರತಿ ಕೋಶವೂ ಸೊರಗಿತು, ಅದನ್ನು ಮುರಿದುಕೊಂಡ ಕೋಶ ಬೆಳೆಯಿತು. ಬಿಳಿ ಬಣ್ಣದ ಅರ್ಥ ಗೊಂಚಲು ಸೋತಿದೆ ಎಂದಲ್ಲ, ಗೆದ್ದದ್ದು ಬದುಕಲಿಲ್ಲ ಎಂದು.

ಇದನ್ನು ಮೊದಲ ವಾರದಲ್ಲೇ ತಿಳಿಯಬಹುದಿತ್ತು, ಒಂದೇ ಪ್ಲೇಟಿನಲ್ಲಿ. ನೇರಳೆ ಇ. ಕೋಲಿಯ ಎಥನಾಲ್ ಸಾರವನ್ನು ಕಾಗದದ ಬಿಲ್ಲೆಗೆ ಹನಿಸಿ ಪೂರ್ತಿ ಒಣಗಿಸಿ, ಬ್ಯಾಸಿಲಸ್ ಹರಡಿದ ಪ್ಲೇಟಿನ ಮೇಲಿಡಬೇಕು. ಪಕ್ಕದಲ್ಲಿ ಬರೀ ಎಥನಾಲ್ ಒಣಗಿಸಿದ ಬಿಲ್ಲೆ, ಬಣ್ಣವಿಲ್ಲದ ಇ. ಕೋಲಿಯ ಸಾರದ ಬಿಲ್ಲೆ. ಮರುದಿನ ವರ್ತುಲ ನೋಡಿದರೆ ಉತ್ತರ ಸಿಗುತ್ತದೆ. ಯಾವ ಆತಿಥೇಯಕ್ಕೆ ಯಾವ ಉತ್ಪನ್ನ ಹೊರಿಸಲು ಹೊರಟರೂ, ಉತ್ಪನ್ನವನ್ನು ಮೊದಲು ಹೊರಗಿನಿಂದ ಕೊಟ್ಟು ನೋಡದೆ ಜೀನ್ ಮುಟ್ಟಬಾರದು.

ಹೊಸ ವಿನ್ಯಾಸದಲ್ಲಿ ಗೊಂಚಲನ್ನು ಎರಡಾಗಿ ಒಡೆಯಲಾಯಿತು. ಎ-ಬಿ-ಇ ಎಎಂವೈಇ ತಾಣದಲ್ಲಿ, ಕ್ಸೈಲೋಸ್ ಎಂಬ ಸಕ್ಕರೆ ಕೊಟ್ಟಾಗ ಮಾತ್ರ ತೆರೆಯುವ ಪ್ರಮೋಟರಿನ ಕೆಳಗೆ. ಡಿ-ಸಿ ಬೇರೆಯಾಗಿ ಟಿಎಚ್‌ಆರ್‌ಸಿ ಎಂಬ ಇನ್ನೊಂದು ತಾಣದಲ್ಲಿ. ಪ್ರತಿ ಟರ್ಮಿನೇಟರ್ ಬೇರೆ ಬೇರೆ. ಮಾಧ್ಯಮದಲ್ಲಿ ಗ್ಲೂಕೋಸ್ ಇರಕೂಡದು, ಅದಿದ್ದರೆ ಕ್ಸೈಲೋಸ್ ಕೊಟ್ಟರೂ ಪ್ರಮೋಟರ್ ಪೂರ್ತಿ ತೆರೆಯುವುದಿಲ್ಲ. ಕಲ್ಚರ್ ಚೆನ್ನಾಗಿ ದಟ್ಟವಾದ ಮೇಲೆ ಶೇಕಡ 1 ಕ್ಸೈಲೋಸ್, ಜೊತೆಗೆ ಲೀಟರಿಗೆ 0.3 ಗ್ರಾಂ ಟ್ರಿಪ್ಟೊಫ್ಯಾನ್, ಆಟೊಕ್ಲೇವ್ ಮಾಡದೆ 0.22 ಮೈಕ್ರಾನ್ ಫಿಲ್ಟರಿನಿಂದ ಸೋಸಿದ್ದು. ಎ-ಬಿ-ಇ ಮಾತ್ರ ಇದ್ದ ತಳಿ ಹಸಿರಾಯಿತು, ಉಳಿಯಿತು. ಡಿ-ಸಿ ಸೇರಿದ ತಳಿ ಕ್ಸೈಲೋಸ್ ಹಾಕಿದ ಮೇಲೆ ಬೆಳವಣಿಗೆ ನಿಲ್ಲಿಸಿತು.

ಮಾರ್ಗದರ್ಶಕಿಯ ನಿರ್ಧಾರ: ಬ್ಯಾಸಿಲಸ್‌ನಲ್ಲಿ ಹಸಿರಿಗೇ ನಿಲ್ಲಿಸುವುದು. 2015ರಲ್ಲಿ ಮನೀಶ್ ಕುಶ್ವಾಹ ಮತ್ತು ಹೊವಾರ್ಡ್ ಸಾಲಿಸ್ ಟಿ7 ಪಾಲಿಮರೇಸ್‌ಗೆ (ಜೀನನ್ನು ಆರ್‌ಎನ್‌ಎಗೆ ನಕಲಿಸುವ ವೈರಸ್ ಕಿಣ್ವಕ್ಕೆ) ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುವ ಸರ್ಕ್ಯೂಟ್ ಕಟ್ಟಿ, ಇ. ಕೋಲಿ, ಬ್ಯಾಸಿಲಸ್, ಪುಟಿಡಾ ಮೂರರಲ್ಲೂ ಓಡಿಸಿದ್ದರು. ಆ ದಾರಿಯಲ್ಲಿ ಆತಿಥೇಯದ ಪ್ರಮೋಟರ್ ತೊಂದರೆ ತಪ್ಪುತ್ತದೆ. ಆದರೆ ಉತ್ಪನ್ನದ ವಿಷಕ್ಕೆ ಯಾವ ಪಾಲಿಮರೇಸೂ ಮದ್ದಲ್ಲ. ಎಲ್ಲ ಕೋಶದಲ್ಲೂ ಒಂದೇ ಬಣ್ಣ ಬರಲೇಬೇಕೆಂಬ ಹಠ ಬಿಟ್ಟದ್ದು ಸೋಲಲ್ಲ. ಪ್ರಾಜೆಕ್ಟ್‌ನ ಅತ್ಯಂತ ಸರಿಯಾದ ತೀರ್ಮಾನ ಅದೇ ಎಂದು ನಾವು ಭಾವಿಸುತ್ತೇವೆ.

ಉಳಿಯುತ್ತದೆಯೇ, ಹೊರಬೀಳುತ್ತದೆಯೇ

ಒಂದು ದಿನ ಬಣ್ಣ ಬಂದರೆ ಸಾಲದು. ದಿನಕ್ಕೊಮ್ಮೆ ಕಲ್ಚರನ್ನು 1ಕ್ಕೆ 1,000 ತೆಳುಗೊಳಿಸಿ ಬೆಳೆಸಿದರೆ ಹತ್ತು ತಲೆಮಾರು, ಐದು ದಿನಕ್ಕೆ ಐವತ್ತು. ಪ್ರತಿಜೀವಕ ಇರುವ ಸಾಲು, ಇಲ್ಲದ ಸಾಲು ಎರಡನ್ನೂ ನಡೆಸಿ, ಐದನೇ ದಿನ ಪ್ಲೇಟಿಗೆ ಹರಡಿ ಬಿಳಿ ಕಾಲೊನಿ ಎಣಿಸಬೇಕು. ಪ್ರತಿಜೀವಕ ಇದ್ದೂ ಬಿಳಿ ಬಂದರೆ ಪ್ಲಾಸ್ಮಿಡ್ ಕಳೆದುಹೋದದ್ದಲ್ಲ, ಗೊಂಚಲು ಮುರಿದದ್ದು. ಅವನ್ನೇ ಸೀಕ್ವೆನ್ಸ್ ಮಾಡಿಸಬೇಕು. ಮೂಲ ತಳಿಯನ್ನು ಮೊದಲ ದಿನವೇ ಶೇಕಡ 20 ಗ್ಲಿಸರಾಲ್‌ನಲ್ಲಿ ಮೈನಸ್ 80ಕ್ಕೆ ಇಡಬೇಕು, ನಾಲ್ಕು ಸಲ ಗೀರಿದ ಪ್ಲೇಟಿನಿಂದಲ್ಲ.

ಕೆಲಸಕ್ಕೆ ಮೊದಲು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ತಳಿ ಮಾರ್ಪಡಿಸಿದ ಜೀವಿಗಳ ಬಗೆಗಿನ 1989ರ ನಿಯಮಗಳು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಗಳು ಅನ್ವಯಿಸುತ್ತವೆ. ಬಳಸಿದ ಮೂರೂ ತಳಿಗಳು ಪಳಗಿದ ಲ್ಯಾಬ್ ತಳಿಗಳು. ಆದರೂ ಪ್ರತಿ ಹನಿ ಕಲ್ಚರೂ 121 ಡಿಗ್ರಿಯಲ್ಲಿ, 15 ಪೌಂಡ್ ಒತ್ತಡದಲ್ಲಿ ಕನಿಷ್ಠ 20 ನಿಮಿಷ ಬೇಯದೆ ಸಿಂಕಿಗೆ ಹೋಗಕೂಡದು. ತುಂಬಿದ ಚೀಲ, ದೊಡ್ಡ ಫ್ಲಾಸ್ಕ್‌ಗೆ ಇನ್ನೂ ಹೆಚ್ಚು ಹೊತ್ತು. ಮುರಕಲ್ಲಿನ ನೆಲ ಇದು, ನೀರು ಸೋಸಿ ಇಳಿಯುವ ನೆಲ. ಬಾಯಾರು, ಎಣ್ಮಕಜೆ ಕಡೆ ಈಗಲೂ ಗುಡ್ಡ ಕೊರೆದ ಸುರಂಗದ ನೀರನ್ನೇ ಕುಡಿಯುವ ಮನೆಗಳಿವೆ. ಎಣ್ಮಕಜೆಯಂಥ ಊರುಗಳ ಮೇಲೆಯೇ ವರ್ಷಾನುಗಟ್ಟಲೆ ಗೇರುತೋಟಕ್ಕೆಂದು ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು. ಏನೂ ಆಗುವುದಿಲ್ಲ ಎಂಬ ಭರವಸೆಯ ಮಾತನ್ನು ಈ ಜಿಲ್ಲೆಯ ಜನ ಒಮ್ಮೆ ಕೇಳಿ ನಂಬಿದ್ದಾರೆ. ಇಲ್ಲಿ ಕೂತು ಜೀನ್ ಕೆಲಸ ಮಾಡುವವರು ಆಟೊಕ್ಲೇವ್‌ನ ದಾಖಲೆ ಪುಸ್ತಕವನ್ನು ಪ್ರಯೋಗದ ನೋಟ್‌ಬುಕ್ಕಿನಷ್ಟೇ ಜತನದಿಂದ ಬರೆಯಬೇಕು.

ಪ್ರಾಜೆಕ್ಟ್‌ನಲ್ಲಿ ಉಳಿದಿರುವುದು ನಾಲ್ಕನೇ ಆತಿಥೇಯ: ತೆಂಗಿನ ಬೇರಿನ ಮಣ್ಣಿನಿಂದ ಬೇರ್ಪಡಿಸಿದ ಒಂದು ಕಾಡು ಸ್ಯೂಡೊಮೊನಾಸ್. ಮುಚ್ಚಿದ ಲ್ಯಾಬಿನೊಳಗಷ್ಟೇ. ಅದರ ಮೊದಲ ವಾರದ ಕೆಲಸ ಹೀಗೆ ಗೊತ್ತಾಗಿದೆ. ಕನಾಮೈಸಿನ್ ಅದನ್ನು ಕೊಲ್ಲುತ್ತದೆಯೇ ಎಂದು ಖಾಲಿ ಪ್ಲೇಟಿನಲ್ಲಿ ನೋಡುವುದು. ನೇರಳೆ ಸಾರದ ಬಿಲ್ಲೆ ಇಟ್ಟು ನೋಡುವುದು. ಕಾಡು ತಳಿಗಳ ಕತ್ತರಿ ಕಿಣ್ವಗಳು ಹೊರಗಿನ ಡಿಎನ್‌ಎಯನ್ನು ಸುಲಭಕ್ಕೆ ಬಿಡುವುದಿಲ್ಲವಾದ್ದರಿಂದ ವಿದ್ಯುತ್ ಹೊಡೆತದ ಬದಲು ಇ. ಕೋಲಿ ಎಸ್17-1 ತಳಿಯ ಮೂಲಕ ಕೂಡಿಕೆಯಲ್ಲಿ (ಕೋಶದಿಂದ ಕೋಶಕ್ಕೆ ನೇರವಾಗಿ) ದಾಟಿಸಲು ತಯಾರಿ: ದಾನಿ, ಗ್ರಾಹಿ ಎರಡನ್ನೂ ಸಮನಾಗಿ ಬೆರೆಸಿ 30 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು, ಸಿಟ್ರೇಟ್ ಒಂದೇ ಇಂಗಾಲದ ಮೂಲವಾಗಿರುವ ಎಂ9 ಪ್ಲೇಟಿಗೆ ಕನಾಮೈಸಿನ್ ಸೇರಿಸಿ ಹರಡುವುದು. ಸಿಟ್ರೇಟ್ ತಿನ್ನಲಾಗದ ಇ. ಕೋಲಿ ಅಲ್ಲೇ ಹಿಂದುಳಿಯುತ್ತದೆ. ಈ ತಳಿ ಸಿಟ್ರೇಟ್ ತಿನ್ನುತ್ತದೆಯೇ ಎಂದು ಅದಕ್ಕೂ ಮೊದಲು ಒಂದು ಪ್ಲೇಟ್.